ಕರಡಿಗೆಯ ಮುಚ್ಚಳ

"ಓಲೆ ಬಿಚ್ಚು ಅಂದ್ರಿ, ಬಿಚ್ಕೊಟ್ಟೆ. ಬಳೆ ಅಂದ್ರಿ, ಸೋಪಾಕಿ ಎಳ್ದು ಕೊಟ್ಟೆ. ಸೊಂಟದ ದಾರನೂ ಕತ್ರಿಲಿ ಕತ್ತರ್ಸಾಕುದ್ರಿ, ಸುಮ್ಕಿದ್ದೆ. ಇದೊಂದ ಮಾತ್ರ ಕೇಳ್ಬ್ಯಾಡಿ."

ಚಿಕ್ಕಮಲ್ಲಮ್ಮ ಎದೆಯ ಮೇಲೆ ಇಳಿಬಿದ್ದಿದ್ದ ಬೆಳ್ಳಿ ಕರಡಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮಂಚದ ಅಂಚಿಗೆ ಸರಿದು ಕೂತಳು. ಆಪರೇಷನ್ನಿಗೆಂದು ತೊಡಿಸಿದ್ದ ಹಸಿರು ಗೌನು ಅವಳ ಬಡಕಲು ಮೈಗೆ ದೊಡ್ಡದಾಗಿ ಹೆಗಲಿನಿಂದ ಜಾರುತ್ತಿತ್ತು. ಕರಡಿಗೆಯೊಳಗಿದ್ದದ್ದು ಅವಳ ಇಷ್ಟಲಿಂಗ. ಅವಳು ಇನ್ನೂ ತೊಟ್ಟಿಲಲ್ಲಿದ್ದಾಗ ಮಠದ ಅಯ್ಯನವರು ಕಟ್ಟಿದ್ದು. ಆಮೇಲೆ ಮದುವೆಯಾಯಿತು, ಹೆರಿಗೆಗಳಾದವು, ಗಂಡ ತೀರಿಕೊಂಡ. ಅದು ಮಾತ್ರ ಮೈ ಬಿಟ್ಟು ಅಗಲಿದ್ದಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಗ ಮಲ್ಲೇಶ್ ಹಣೆ ಚಚ್ಚಿಕೊಂಡ. ಭೀಮನಬೀಡಿನ ಸುತ್ತಮುತ್ತ ತರಕಾರಿ ಕೊಂಡು ಕೇರಳದ ಬತ್ತೇರಿಗೆ ಲಾರಿ ಹೊಡೆಸುವ ಆಸಾಮಿ ಅವನು. "ಅವ್ವಾ, ಮೈಸೂರಲ್ಲೂ ಇದೇ ಮಾಡ್ದೆ. ಟೇಬಲ್ ಮ್ಯಾಲಿಂದ ಎದ್ದು ಬಂದ್ಬುಟ್ಟೆ. ಇಲ್ಲೂ ಅದೇ ಶುರು ಅಚ್ಕಂಡ್ಯಲ್ಲ. ಆಪರೇಷನ್ ಮುಗಿಯಗಂಟ ನನ್ ಕೈಲಿ ಕೊಟ್ಟಿರು. ಎದೆಗ ಅವುಚ್ಕಂಡು ಕೂತಿರ್ತೀನಿ."

"ನಿನ್ ಕೈಲಾ? ನಿನ್ ಲಿಂಗ ಗೋಡೆ ಮೊಳೆಲಿ ನೇತಾಡ್ಕಂಡು ವರ್ಸ ಆಯ್ತು. ನಿಂದ ನೀ ಕಟ್ಕಳಕಿಲ್ಲ, ನಂದ ಅವುಚ್ಕತ್ತಿಯಾ? ಬತ್ತೇರಿ ಓಟ್ಲಲ್ಲಿ ಏನೇನ್ ಮುಟ್ಟಿ ಬಂದ ಕೈಯೋ ಅದು!"

ಮಲ್ಲೇಶ್ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡು ಹಿಂದಕ್ಕೆ ಕಟ್ಟಿಕೊಂಡ. ಮಂಚದ ಪಕ್ಕ ನಿಂತಿದ್ದ ಫರಹತ್‌ಗೆ ನಗು ಬಂದರೂ ತಡೆದುಕೊಂಡಳು. ನಗುವ ಹೊತ್ತಲ್ಲ ಅದು. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಥಿಯೇಟರಿಗೆ ಅವಳೊಬ್ಬಳೇ ನರ್ಸು. ಸರ್ಜನ್ ಡಾಕ್ಟರ್ ಶಿವಾನಿ ವಾರಕ್ಕೊಮ್ಮೆ ಮೈಸೂರಿನಿಂದ ಬಂದು ಮಧ್ಯಾಹ್ನದ ಹೊತ್ತಿಗೆ ಹಿಂದಿರುಗಿಬಿಡುತ್ತಿದ್ದರು. ಚಿಕ್ಕಮಲ್ಲಮ್ಮನ ಹೊಕ್ಕುಳಲ್ಲಿ ಹರ್ನಿಯಾ; ನಿಂಬೆಹಣ್ಣಿನಷ್ಟು ಗಂಟು. ಹೋದ ವಾರ ಅದು ಒಳಗೆ ಹೋಗದೆ ಸಿಕ್ಕಿಕೊಂಡು, ಮುದುಕಿ ವಾಂತಿ ಮಾಡಿಕೊಂಡು ಒದ್ದಾಡಿದ್ದಳು. ಇಲ್ಲಿಯ ಡಾಕ್ಟರು ಮೆಲ್ಲಗೆ ಒತ್ತಿ ಒತ್ತಿ ಅದನ್ನು ಒಳಕ್ಕೆ ಕಳಿಸಿದ್ದರು. ಇನ್ನೊಂದು ಸಲ ಸಿಕ್ಕಿಕೊಂಡರೆ ಒತ್ತಿದರೂ ಹೋಗುವುದಿಲ್ಲ, ಕರುಳು ಕೊಳೆಯುತ್ತದೆ ಎಂದು ಡಾಕ್ಟರ್ ಶಿವಾನಿ ಬಿಡಿಸಿ ಹೇಳಿದ್ದರು. ಇವತ್ತು ಆಗದಿದ್ದರೆ ಮುಂದಿನ ವಾರ. ಮುಂದಿನ ವಾರದ ತನಕ ಗಂಟು ಸುಮ್ಮನಿರುತ್ತದೆ ಎಂದು ಹೇಳುವವರು ಯಾರು?

"ತಾಳಿ, ನಾನು ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ," ಎಂದು ಫರಹತ್ ಹೊರಟಳು.

ಕೇಳಿಕೊಂಡು ಬರುವುದು ಅವಳ ಸ್ವಭಾವ. ಗೊತ್ತಿದ್ದದ್ದನ್ನೂ ಎರಡು ಸಲ ಕೇಳುತ್ತಿದ್ದಳು. ಆಟೋಕ್ಲೇವಿನಿಂದ ತೆಗೆದ ಡಬ್ಬಿಯ ಪಟ್ಟಿಯಲ್ಲಿ ಆವಿ ತಾಗಿದ ಗುರುತಿನ ಕಪ್ಪು ಗೆರೆ ಮೂಡಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವಳು, ಇಟ್ಟಮೇಲೆ ಮತ್ತೆ ತೆಗೆದು ನೋಡುವಳು. ಅವಳ ಅಬ್ಬ ಪೀರ್ ಪಾಷಾ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದವರು. ಪಂಪ್ ಸ್ಟೌವಿನ ಮೇಲೆ ಗಾಜಿನ ಸಿರಿಂಜು, ಸೂಜಿಗಳನ್ನು ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ತಿಕ್ಕಿ, ಮತ್ತೆ ಕುದಿಸಿ ಕೊಡುತ್ತಿದ್ದ ಕಾಲ ಅದು. ಸಂಜೆ ಮನೆಗೆ ಬಂದರೆ ಅವರ ಅಂಗಿಯಿಂದ ಲೈಸಾಲಿನ ವಾಸನೆ ಬರುತ್ತಿತ್ತು, ಬೆರಳುಗಳು ಊದಾ ಔಷಧಿಯಿಂದ ನೇರಳೆ ತಿಂದವರ ಹಾಗೆ ಇರುತ್ತಿದ್ದವು. ಈಗ ಸಿರಿಂಜನ್ನು ಕವರು ಹರಿದು ತೆಗೆದು ಎಸೆಯುವ ಕಾಲ. ಅಬ್ಬ ಈಗಲೂ ಮಗಳನ್ನು ಕೇಳುವುದು ಅದೊಂದೇ ಮಾತು, "ಕುದೀತಾ?" ಎಂದು.

ಹೋದ ವರ್ಷ ಒಬ್ಬರಿಗೆ ಹರ್ನಿಯಾ ಆಪರೇಷನ್ನಿನಲ್ಲಿ ಗಂಟು ಮತ್ತೆ ಬರದಂತೆ ಒಳಗೆ ಇಟ್ಟ ಬಲೆಗೆ ಕೀವು ಹಿಡಿದು, ಬಲೆಯನ್ನೇ ಮತ್ತೆ ಕೊಯ್ದು ತೆಗೆಯಬೇಕಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ ಜೋರಿತ್ತು, ಇಂಥವು ಆಗುತ್ತವೆ ಎಂದು ಡಾಕ್ಟರ್ ಶಿವಾನಿ ಸಮಾಧಾನ ಹೇಳಿದ್ದರು. ಫರಹತ್‌ಗೆ ಸಮಾಧಾನವಾಗಿರಲಿಲ್ಲ. ಅಂದಿನಿಂದ ಬಲೆಯ ಪೊಟ್ಟಣ ಕೈಗೆ ಬಂದರೆ ಅವಳು ಅದರ ಅಂಚನ್ನು ಸುತ್ತಲೂ ತಡವಿ ನೋಡುತ್ತಿದ್ದಳು. ಇವತ್ತು ಚಿಕ್ಕಮಲ್ಲಮ್ಮನಿಗೂ ಅಂಥದೇ ಬಲೆ.

"ಬೆಳ್ಳಿ ಆಗೋದೇ ಇಲ್ಲ, ಫರಹತ್," ಎಂದರು ಡಾಕ್ಟರ್ ಶಿವಾನಿ. "ಕರೆಂಟಿನ ಮುಳ್ಳಲ್ಲಿ ರಕ್ತ ನಿಲ್ಲಿಸ್ತೀವಲ್ಲ, ಮೈಮೇಲೆ ಲೋಹ ಇದ್ರೆ ಅಲ್ಲಿ ಸುಡಬಹುದು. ಲಿಂಗ ಬೇಕಾದ್ರೆ ಇರಲಿ. ಎಡಗೈ ಪಕ್ಕದ ಹಲಗೆ ಮೇಲೆ ಚಾಚಿರುತ್ತೆ, ಅಂಗೈಲಿ ಹಿಡ್ಕೊಂಡಿರಲಿ. ಆದ್ರೆ ಬೆನ್ನಿಗೆ ಇಂಜೆಕ್ಷನ್ ಅಷ್ಟೆ, ಎಚ್ಚರವಾಗಿರ್ತಾರೆ. ಗಾಬರಿಯಾಗಿ ಆ ಕೈ ಹೊಟ್ಟೆ ಮೇಲೆ ತಂದ್ಬಿಟ್ರೆ? ಆ ಕೈ ನಮ್ಮ ಕೈಯಷ್ಟೇ ಚೊಕ್ಕಟವಾಗಿರಬೇಕು, ಮೇಲೆ ಗ್ಲೌಸ್ ಇರಬೇಕು. ಅದು ನಿಮಗೆ ಬಿಟ್ಟಿದ್ದು."

ಫರಹತ್ ದೊಡ್ಡ ಅಳತೆಯ ಗ್ಲೌಸಿನ ಪೊಟ್ಟಣವೊಂದನ್ನು ತೆಗೆದಿಟ್ಟು, ಅದರ ಮೇಲಿನ ದಿನಾಂಕವನ್ನು ಎರಡು ಸಲ ಓದಿದಳು.

ಅವಳು ಹಿಂದಿರುಗಿದಾಗ ಆಯಾ ಮಂಚಮ್ಮ ಚಿಕ್ಕಮಲ್ಲಮ್ಮನ ಹೊಕ್ಕುಳನ್ನು ಎಣ್ಣೆ ಹತ್ತಿಯಿಂದ ಒರೆಸಿ ಮುಗಿಸಿದ್ದಳು. ಆ ಹೊಕ್ಕುಳಿನಿಂದ ಬಂದದ್ದು ಅಷ್ಟಿಷ್ಟಲ್ಲ. ಗಂಟು ಕಾಣಿಸಿಕೊಂಡ ಕಾಲದಿಂದ ಮುದುಕಿ ಅದಕ್ಕೆ ಹರಳೆಣ್ಣೆ ಸವರಿ, ವಿಭೂತಿ ಮೆತ್ತಿ, ಮೇಲೊಂದು ತಾಮ್ರದ ಕಾಸಿಟ್ಟು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳಂತೆ.

"ವರ್ಸದ ಈಬುತಿ ಎಲ್ಲ ಇಲ್ಲೇ ಕೂಡಾಕಿದ್ರಿ ಅಮ್ಮಾರೆ," ಎಂದಳು ಮಂಚಮ್ಮ ಹತ್ತಿಯನ್ನು ತೋರಿಸಿ. ಚಿಕ್ಕಮಲ್ಲಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬೆಳಿಗ್ಗೆ ಮಂಚಮ್ಮನನ್ನು ಕಂಡ ಕೂಡಲೇ "ಯಾವೂರಮ್ಮಿ ನಿಂದು, ಯಾರ ಪೈಕಿ?" ಎಂದು ಕೇಳಿದ್ದಳು. "ಹರದನಹಳ್ಳಿ ಅಮ್ಮಾರೆ. ಕೇರಿಯೋರು ನಾವು," ಎಂದು ಮಂಚಮ್ಮ ನೇರವಾಗಿಯೇ ಹೇಳಿದ್ದಳು. ಆಮೇಲೆ ಮುದುಕಿ ಏನು ಬೇಕಾದರೂ ಮಗನನ್ನು ಕೂಗುತ್ತಿದ್ದಳೇ ಹೊರತು ಅವಳನ್ನಲ್ಲ. ಮಂಚಮ್ಮನೂ ಅದನ್ನು ನೋಡಿ ನೋಡದವಳ ಹಾಗೆ ತನ್ನ ಕೆಲಸ ಮಾಡಿಕೊಂಡಿದ್ದಳು.

ಫರಹತ್ ಮಂಚದ ಮೇಲೆ ಕೂತು ವಿಷಯ ಹೇಳಿದಳು. ಮೊದಲು ಅವಳಿಗೆ ಹೊಳೆದದ್ದು ಲಿಂಗವನ್ನೇ ಆಟೋಕ್ಲೇವಿಗೆ ಹಾಕಿಬಿಡುವುದು.

"ಅದೇನಮ್ಮಿ ಅದು?"

"ಆವಿ ಪೆಟ್ಟಿಗೆ ಅಮ್ಮ. ಬಿಸಿ ಆವೀಲಿ ಇಟ್ರೆ ಯಾವ ಕ್ರಿಮೀನೂ ಉಳಿಯಲ್ಲ."

"ಇಡ್ಲಿ ಬೇಯ್ಸಂಗಾ?" ಚಿಕ್ಕಮಲ್ಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅದ್ರ ಮ್ಯಾಲ ಕರೀ ಲೇಪ ಅದ ಕಣ ಮಗ. ಬಿಸ್ಲಲ್ಲಿ ಇಟ್ರೇ ಮೆತ್ತಗಾಯ್ತದ. ನಿನ್ ಪೆಟ್ಗೇಲಿ ಇಟ್ರೆ ನನ್ ಸಿವ ಕರಗಿ ನೀರಾಗೋಯ್ತನ!"

ಫರಹತ್ ನಾಲಿಗೆ ಕಚ್ಚಿಕೊಂಡಳು. ಕೇಳದೆ ಹಾಕಿಬಿಟ್ಟಿದ್ದರೆ! "ಬೇಡ ಬೇಡ. ಕೈಯಲ್ಲೇ ಹಿಡ್ಕೊಳ್ಳಿ. ಆದ್ರೆ ಬೆಳ್ಳಿ ಮಾತ್ರ ಮೈ ಮೇಲೆ ಇರಂಗಿಲ್ಲ. ಮತ್ತೆ ಕೈ ನಾವು ತೊಳೆಯೋ ಹಾಗೆ ತೊಳೀಬೇಕು."

ಮುದುಕಿ ಯೋಚಿಸಿದಳು. ಅಂಗೈಯಲ್ಲಿ ಲಿಂಗ ಹಿಡಿಯುವುದು ಅವಳಿಗೆ ಹೊಸದಲ್ಲ, ದಿನಾ ಪೂಜೆಯಲ್ಲಿ ಎಡಗೈ ಮೇಲೆ ಇಟ್ಟುಕೊಳ್ಳುವುದೇ. "ಆಯ್ತು. ಆದ್ರ ಮೈಲ್ಗೇಲಿ ನಾ ಅದ ಕೈಗ ತಗಳಕಿಲ್ಲ. ಬೆಳಿಗ್ಗೆ ನಿಮ್ ಸೋಪಲ್ಲಿ ನೀರು ಉಯ್ಕಂಡೆ, ದಿಟ. ಆಮೇಲ ಅವ್ರು ಇವ್ರು ಎಲ್ಲಾ ಮುಟ್ಟುದ್ರು. ಅದೇನ್ ತೊಳೀಬೇಕೋ ಚೆನ್ನಾಗೇ ತೊಳೀವಾ ನಡಿ."

ಹೀಗೆ, ಆ ಥಿಯೇಟರಿನ ಹೊರಗಿನ ತೊಟ್ಟಿಯ ಮುಂದೆ ಮೊತ್ತಮೊದಲ ಬಾರಿಗೆ ಆಪರೇಷನ್ ಮಾಡಿಸಿಕೊಳ್ಳುವವರೇ ಕೈ ತೊಳೆಯಲು ನಿಂತರು. ಬಾಗಿಲಾಚೆ ಮಲ್ಲೇಶ್ ಇಣುಕಿ ನೋಡಿ ಹೋದ. ಕರಡಿಗೆ ಶಿವದಾರದಲ್ಲಿ ಕೊರಳಿನಿಂದಲೇ ತೂಗುತ್ತಿತ್ತು. ಲಿಂಗ ಮೈ ಬಿಟ್ಟಿರುವಂತಿಲ್ಲವಲ್ಲ. ತೊಳೆಯುವುದು ಮುಗಿದ ಮೇಲೆಯೇ ಅದನ್ನು ತೆಗೆಯಬೇಕು. ಫರಹತ್ ಪಕ್ಕದಲ್ಲಿ ನಿಂತು ತಾನೂ ತೊಳೆಯುತ್ತಾ ತೋರಿಸಿದಳು. ನಲ್ಲಿಯನ್ನು ಮೊಣಕೈಯಿಂದ ತಿರುಗಿಸುವುದನ್ನು ಕಂಡು ಮುದುಕಿಗೆ ಬೆರಗು.

"ಮೊದ್ಲು ಉಗುರು. ಬ್ರಷ್ ತಗೊಳ್ಳಿ. ಆಮೇಲೆ ಬೆರಳ ಸಂದಿ. ಒಂದೊಂದೇ."

"ಹಸ ಕರ್ಯಕ ಮುಂಚೆ ಕೆಚ್ಚಲು ತೊಳ್ಯಂಗದ ಇದು."

"ನೀರು ಬೆರಳಿಂದ ಮೊಣಕೈ ಕಡೆ ಹರೀಬೇಕು ಅಮ್ಮ. ಆ ಕಡೆಯಿಂದ ಈ ಕಡೆ ಬರಬಾರದು. ಕೈ ಮೇಲೇ ಇರಲಿ."

ಅರಿಶಿನ ಬಿಡಿಸಿ ಬಿಡಿಸಿ ಅವಳ ಉಗುರಿನ ಸಂದಿ ಹಳದಿಗಟ್ಟಿತ್ತು. ಫರಹತ್ ಬಗ್ಗಿ ಬಗ್ಗಿ ನೋಡಿ, "ಇಲ್ಲಿನ್ನೂ ಇದೆ," ಎಂದರೆ ಮುದುಕಿ ಗೊಣಗದೆ ಮತ್ತೆ ತಿಕ್ಕುತ್ತಿದ್ದಳು. ಕಲಿಸುವುದು ಕಷ್ಟವಾಗಲಿಲ್ಲ. ತೊಳೆದ ಕೈಯಲ್ಲಿ ಮೂಗು ಮುಟ್ಟಬಾರದು, ಸೆರಗು ಮುಟ್ಟಬಾರದು, ಗೋಡೆಗೆ ತಾಗಬಾರದು. ಇವನ್ನು ನರ್ಸಿಂಗಿಗೆ ಹೊಸದಾಗಿ ಬಂದ ಹುಡುಗಿಯರ ತಲೆಗೆ ತುಂಬಲು ತಿಂಗಳು ಬೇಕಾಗುತ್ತಿತ್ತು. ಚಿಕ್ಕಮಲ್ಲಮ್ಮ ಹೇಳುವ ಮೊದಲೇ ಮೈಯನ್ನು ಒಂದಿಷ್ಟು ಮುದುಡಿಕೊಂಡು, ಯಾವುದಕ್ಕೂ ತಾಗದ ಹಾಗೆ ನಿಂತುಬಿಟ್ಟಿದ್ದಳು. ಮನೆಯಲ್ಲಿ ಪೂಜೆಗೆ ನಿಲ್ಲುವುದೂ ಹೀಗೆಯೇ ಇರಬೇಕು ಎಂದುಕೊಂಡ ಫರಹತ್‌ಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ಇಬ್ಬರೂ ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು, ಮೊಣಕೈಯಿಂದ ನೀರು ತೊಟ್ಟಿಕ್ಕಿಸುತ್ತಾ ಥಿಯೇಟರಿನ ಕಡೆ ತಿರುಗಿದರು. ನೆಲ ಒದ್ದೆಯಾಗಿತ್ತು. ಚಿಕ್ಕಮಲ್ಲಮ್ಮನ ಕಾಲಿನ ರಬ್ಬರ್ ಚಪ್ಪಲಿ ಸರ್ರೆಂದು ಜಾರಿತು. ಅಲ್ಲೇ ನಿಂತಿದ್ದ ಮಂಚಮ್ಮ ಒಂದೇ ನೆಗೆತಕ್ಕೆ ಬಂದು ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದಳು.

"ಮುಟ್ಬೇಡ!"

ಕೂಗಿದ್ದು ಇಬ್ಬರೂ. ಮುದುಕಿಯದೂ ಫರಹತ್‌ದೂ ಒಂದೇ ಕೂಗಾಗಿ ಹೊರಟಿತು. ಮಂಚಮ್ಮ ಬೆಂಕಿ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು.

"ಬಿದ್ದು ತಲೆ ಒಡ್ಕಂಡಿದ್ರೆ ಚೆನ್ನಾಗಿರ್ತಿತ್ತ?" ಎಂದು ಕೇಳಿ, ತಣ್ಣಗೆ ಹೇಳಿದಳು: "ಆಗ್ಲಿ ಬುಡಿ. ಮುಟ್ಬ್ಯಾಡ ಅನ್ನದು ನನ್ ಕಿವಿಗೇನ್ ವಸ್ದಾ?"

"ಅಕ್ಕಾ, ನಾನು ಹೇಳಿದ್ದು ಅದಲ್ಲ," ಎಂದಳು ಫರಹತ್. "ಕೈ ತೊಳೆದಿದ್ರಲ್ಲ ಅದಕ್ಕೆ. ನೀವು ನನ್ನನ್ನೂ ಮುಟ್ಟಂಗಿಲ್ಲ, ಡಾಕ್ಟರನ್ನೂ ಮುಟ್ಟಂಗಿಲ್ಲ..."

"ಗೊತ್ತು ಕಣ್ ಸಿಸ್ಟ್ರಮ್ಮ. ನಿಮ್ದು ಬ್ಯಾರೆ." ಮುದುಕಿ ಕೂಗಿದ್ದರ ಮಾತನ್ನು ಮಂಚಮ್ಮ ಎತ್ತಲಿಲ್ಲ. ಒಣ ಬಟ್ಟೆ ತಂದು ನೆಲ ಒರೆಸಿ, ಗೋಡೆಗೆ ಒರಗಿ ನಿಂತುಕೊಂಡಳು.

ಚಿಕ್ಕಮಲ್ಲಮ್ಮ ಇನ್ನೊಮ್ಮೆ ತೊಳೆದಳು. ಈ ಸಲ ಕೆಚ್ಚಲಿನ ಮಾತಿಲ್ಲ, ಏನಿಲ್ಲ. ಮುಂಗೈಯ ಹಚ್ಚೆಯ ಮೇಲೆ ಬ್ರಷ್ಷು ಓಡಾಡುವ ಸದ್ದಷ್ಟೇ. ಫರಹತ್ ಕೈಯೆತ್ತಿಕೊಂಡು ಕಾಯುತ್ತಾ, ತನ್ನ ಬಾಯಿಂದ ಬಂದದ್ದೂ ಮುದುಕಿಯ ಬಾಯಿಂದ ಬಂದದ್ದೂ ಅಕ್ಷರ ಅಕ್ಷರ ಒಂದೇ ಆಗಿತ್ತಲ್ಲ ಎಂದು ನೊಂದುಕೊಂಡಳು. ಮಂಚಮ್ಮನ ಕಿವಿ ಎರಡನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಂಡಿರಬಹುದೇ?

ಒಳಗೆ ಹೋದಮೇಲೆ ಫರಹತ್ ಗೌನು ತೊಟ್ಟು, ಗ್ಲೌಸ್ ಹಾಕಿಕೊಂಡಳು. ಅರಿವಳಿಕೆ ಕೊಡುವ ಡಾಕ್ಟರು ಗಂಗಾಧರಸ್ವಾಮಿ ಬೆನ್ನಿನ ಇಂಜೆಕ್ಷನ್ನಿಗೆ ಕೈ ತೊಳೆದು ತಯಾರಾಗಿದ್ದರು. ಡಾಕ್ಟರ್ ಶಿವಾನಿ ತೊಟ್ಟಿಯ ಬಳಿ ಇನ್ನೂ ತಿಕ್ಕುತ್ತಿದ್ದರು. ಚಿಕ್ಕಮಲ್ಲಮ್ಮ ಟೇಬಲ್ ಮೇಲೆ ಕಾಲು ಇಳಿಬಿಟ್ಟು ಕೂತು, ಎರಡು ಕೈಗಳನ್ನೂ ಗಾಳಿಯಲ್ಲಿ ಹಿಡಿದುಕೊಂಡು, ತನ್ನ ಎದೆಯ ಮೇಲಿನ ಕರಡಿಗೆಯನ್ನು ನೋಡಿದಳು.

"ಈಗ ಇದ ತಗ್ಯೋದು ಹೆಂಗ?"

ಆಗಲೇ ಎಲ್ಲರಿಗೂ ಹೊಳೆದದ್ದು. ಕರಡಿಗೆಯ ಹೊರಮೈಗೆ ವರ್ಷಾನುಗಟ್ಟಲೆಯ ಎಣ್ಣೆ, ಬೆವರು, ವಿಭೂತಿ. ಅದನ್ನು ಚಿಕ್ಕಮಲ್ಲಮ್ಮ ಮುಟ್ಟಿದರೆ ತೊಳೆದ ಕೈ ಕೆಟ್ಟಿತು. ಥಿಯೇಟರಿನಲ್ಲಿ ಯಾವ ಡಬ್ಬಿ ತೆರೆಯುವುದೂ ಹೀಗೆಯೇ: ಕೈ ತೊಳೆಯದವರು ಹೊರಗಿನಿಂದ ಹಿಡಿದು ಮುಚ್ಚಳ ತೆಗೆಯಬೇಕು, ಕೈ ತೊಳೆದವರು ಹೊರಗಿನದಕ್ಕೆ ತಾಗದೆ ಒಳಗಿನದನ್ನು ಎತ್ತಿಕೊಳ್ಳಬೇಕು. ಆ ಕೋಣೆಯಲ್ಲಿ ಕೈ ತೊಳೆಯದೆ ಇದ್ದವಳು ಅವರ ಹಿಂದೆಯೇ ಒಳಗೆ ಬಂದಿದ್ದ ಮಂಚಮ್ಮ ಒಬ್ಬಳೇ.

"ನೀನೇ ತಗೀ ಮಗ," ಎಂದಳು ಚಿಕ್ಕಮಲ್ಲಮ್ಮ, ಫರಹತ್ ಕಡೆ ತಿರುಗಿ. "ನೀನಾದ್ರೆ ನನ್ದೇನೂ ಇಲ್ಲ."

ಫರಹತ್ ತೆಗೆಯಬಹುದಿತ್ತು. ಗ್ಲೌಸ್ ಬಿಚ್ಚಿ, ಮುಚ್ಚಳ ತಿರುಗಿಸಿ, ಮತ್ತೆ ತೊಳೆದುಕೊಂಡು ಬಂದರೆ ಆಗಿಹೋಗುತ್ತಿತ್ತು. ಡಾಕ್ಟರ್ ಶಿವಾನಿ ಸ್ವಲ್ಪ ಹೊತ್ತು ಕಾಯುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. 'ಆಯ್ತಮ್ಮ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಮಂಚಮ್ಮ ಈ ಕಡೆ ನೋಡುತ್ತಲೇ ಇರಲಿಲ್ಲ. ಏನು ನಡೆಯುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ ಆಮ್ಲಜನಕದ ಸಿಲಿಂಡರಿನ ಧೂಳು ಒರೆಸುತ್ತಿದ್ದಳು. ಬೆಳಿಗ್ಗೆಯೇ ಒರೆಸಿ ಫಳಫಳ ಮಾಡಿದ್ದ ಸಿಲಿಂಡರು.

"ಆಗಲ್ಲಮ್ಮ," ಎಂದಳು ಫರಹತ್. "ನನ್ನ ಕೈ ತೊಳೆದಾಯ್ತು. ಈಗ ಅದನ್ನ ಮುಟ್ಟೋಕೆ ಆಗೋದು ಮಂಚಮ್ಮಕ್ಕ ಒಬ್ರಿಗೇ."

ಹೊರಗೆ ಹೆದ್ದಾರಿಯಲ್ಲಿ ಈರುಳ್ಳಿ ಲಾರಿಯೊಂದು ಹಾರ್ನು ಹೊಡೆದುಕೊಂಡು ಹೋಯಿತು. ಚಿಕ್ಕಮಲ್ಲಮ್ಮ ಬಾಗಿಲನ್ನು ನೋಡಿದಳು, ಕೆಳಗೆ ಬಿಟ್ಟಿದ್ದ ಚಪ್ಪಲಿಯನ್ನು ನೋಡಿದಳು. ಮೈಸೂರಿನಲ್ಲೂ ಹೀಗೇ ನೋಡಿರಬೇಕು, ಆಮೇಲೆ ಇಳಿದು ನಡೆದಿರಬೇಕು. ಏನು ಮಾಡಿಬಿಟ್ಟೆ ಎಂದುಕೊಂಡಳು ಫರಹತ್. ಈ ಹಟಕ್ಕೆ ಮುದುಕಿ ಎದ್ದು ಹೋಗಿ, ದಾರಿಯಲ್ಲೇ ಆ ಗಂಟು ಸಿಕ್ಕಿಕೊಂಡರೆ? ಗ್ಲೌಸಿನ ಬುಡಕ್ಕೆ ಅವಳ ಬೆರಳು ಹೋಯಿತು.

"ನಾ ಒಲ್ಲೆ ಸಿಸ್ಟ್ರಮ್ಮ," ಎಂದಳು ಮಂಚಮ್ಮ, ಸಿಲಿಂಡರಿನ ಕಡೆಗೇ ಮುಖ ಮಾಡಿಕೊಂಡು. "ನಾಳಿಕ ಅವ್ರಿಗೇನಾರ ಎಚ್ಚುಕಮ್ಮಿ ಆದ್ರೆ, ಮಂಚಿ ಮುಟ್ಟಿದ್ಕೇ ಆಯ್ತು ಅಂತಾರ. ಬ್ಯಾಡಿ."

"ಏನಮ್ಮಿ," ಎಂದಳು ಚಿಕ್ಕಮಲ್ಲಮ್ಮ. ಬೆಳಗಿನ ಆ ಪ್ರಶ್ನೆಯ ಮೇಲೆ ಅವಳು ಮಂಚಮ್ಮನನ್ನು ಮಾತಾಡಿಸಿದ್ದು ಈಗಲೇ. "ಆ ಕಬ್ಣದ ಕೊಳ್ವೆಲಿ ಏನ್ ನೋಡೀಯೆ? ಇಲ್ಲಿ ಬಾ."

ಮಂಚಮ್ಮ ತಿರುಗಿದಳು. ಹತ್ತಿರ ಬರಲಿಲ್ಲ. "ನಾ ಯಾರು ಅಂತ ಬೆಳಿಗ್ಗೇನೆ ಕೇಳ್ಕಂಡ್ರಲ್ಲ ಅಮ್ಮಾರೆ."

"ಕೇಳ್ದೆ. ನನ್ ಕಿವಿ ಇನ್ನೂ ನೆಟ್ಟಗದ." ಎತ್ತಿ ಹಿಡಿದ ತೋಳುಗಳು ನಡುಗಲು ತೊಡಗಿದ್ದವು. "ಕೈ ಸೋಲ್ತಾ ಅವ ಕಣಮ್ಮಿ. ಎಷ್ಟೊತ್ತ ಇಂಗೇ ಎತ್ಕಂಡಿರ್ಲಿ? ಬಂದು ತಗೀ."

ಮಂಚಮ್ಮ ಫರಹತ್ ಮುಖ ನೋಡಿದಳು, ಆಮೇಲೆ ತನ್ನ ಕೈ. "ತಡೀರಿ, ಕೈನಾರ ತೊಳ್ಕಂಡ್ ಬತ್ತೀನಿ."

"ಬ್ಯಾಡ ಬ್ಯಾಡ!" ಎಂದಳು ಚಿಕ್ಕಮಲ್ಲಮ್ಮ. "ನೀನೂ ತೊಳ್ಕಂಡು ಕೈ ಎತ್ಕಂಡು ನಿಂತ್ಕಂಡ್ರೆ ಮುಚ್ಚಳ ತಗ್ಯೋರ್ಯಾರು? ಇನ್ನೊಬ್ಳ ತರಕ ಹರದನಹಳ್ಳಿಗ ಓಗಾದಾ?"

ಗಂಗಾಧರಸ್ವಾಮಿಯವರು ಮಾಸ್ಕಿನೊಳಗೆ ಕೆಮ್ಮಿದಂತೆ ನಕ್ಕರು. ಮಂಚಮ್ಮನ ತುಟಿಯೂ ಸ್ವಲ್ಪ ಸಡಿಲಾಯಿತು. ಹತ್ತಿರ ಬಂದು, ಬಗ್ಗಿ, ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮುಚ್ಚಳ ತಿರುಗಿಸಿದಳು. ವಿಭೂತಿ ಕಚ್ಚಿಕೊಂಡು ಮುಚ್ಚಳ ಬಿಗಿದಿತ್ತು. ಉಗುರು ಕೊಟ್ಟು ಮೀಟಬೇಕಾಯಿತು. ಅವಳ ತಲೆ ಮುದುಕಿಯ ಗಲ್ಲಕ್ಕೆ ತಾಗುವಷ್ಟು ಹತ್ತಿರವಿತ್ತು. ಟಕ್ಕೆಂದು ಬಿಚ್ಚಿಕೊಂಡಾಗ ಕರ್ಪೂರದ ವಾಸನೆ ಸ್ಪಿರಿಟ್ಟಿನ ವಾಸನೆಯ ನಡುವೆ ತೇಲಿ ಬಂತು.

"ನಿಧಾನ. ಒಳಗೆ ಬೆರಳು ಹಾಕ್ಬೇಡಿ ಅಕ್ಕ."

"ಗೊತ್ತದೆ ಬುಡಿ."

ಮಂಚಮ್ಮ ಕರಡಿಗೆಯನ್ನು ಬಟ್ಟಲಿನಂತೆ ಎತ್ತಿ ಹಿಡಿದಳು. ಚಿಕ್ಕಮಲ್ಲಮ್ಮ ಎರಡು ಬೆರಳಲ್ಲಿ ಲಿಂಗವನ್ನು ಮೆಲ್ಲಗೆ ಎತ್ತಿ ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಕಪ್ಪಗೆ, ನುಣ್ಣಗೆ, ನೇರಳೆಹಣ್ಣಿನ ಹೊಳಪು. ಫರಹತ್ ಸ್ಟೆರೈಲ್ ಬಟ್ಟಲಿನಿಂದ ಸಲೈನ್ ನೀರನ್ನು ಅದರ ಮೇಲೆ ಸಣ್ಣಗೆ ಹುಯ್ದಳು. ಅಂಟಿದ್ದ ಬೂದಿ ತೊಳೆದು ಹೋಯಿತು. ಅಂಗೈಯಲ್ಲಿ ನಿಂತ ನೀರನ್ನು ಮುದುಕಿ ಅಭ್ಯಾಸ ಬಲದಿಂದ ತುಟಿಯ ಬಳಿಗೆ ತಂದಳು.

"ಅಯ್ಯಯ್ಯೋ ಕುಡೀಬೇಡಿ! ಹೊಟ್ಟೆ ಖಾಲಿ ಇರಬೇಕು!"

"ಮೂರ್ ತೊಟ್ಟು ಕಣ ಮಗ."

"ಒಂದ್ ತೊಟ್ಟೂ ಇಲ್ಲ!"

ಚಿಕ್ಕಮಲ್ಲಮ್ಮ ನಿಟ್ಟುಸಿರು ಬಿಟ್ಟು ನೀರನ್ನು ಬಸಿದಳು. ಫರಹತ್ ಮುಷ್ಟಿಯನ್ನು ಮಡಿಸಿ, ಗಾಜ್ ಬಟ್ಟೆ ಸುತ್ತಿ, ದೊಡ್ಡ ಅಳತೆಯ ಗ್ಲೌಸನ್ನು ಮೇಲೆ ಎಳೆದು ಕಟ್ಟಿದಳು. ಮಂಚಮ್ಮ ಕೊರಳಿನಿಂದ ಶಿವದಾರ ಬಿಡಿಸಿ, ಖಾಲಿ ಕರಡಿಗೆಯನ್ನು ಒಯ್ದು ಹೊರಗಿದ್ದ ಮಲ್ಲೇಶನಿಗೆ ಕೊಟ್ಟಳು.

ಆಪರೇಷನ್ ಉದ್ದಕ್ಕೂ ಫರಹತ್‌ಗೆ ಎರಡು ಕೆಲಸ. ಕೈ ಡಾಕ್ಟರಿಗೆ ಕತ್ತರಿ, ದಾರ ಕೊಡುತ್ತಿದ್ದರೆ ಕಣ್ಣು ಆ ಮುಷ್ಟಿಯ ಮೇಲಿರುತ್ತಿತ್ತು. ಅದು ಹಲಗೆಯ ಮೇಲಿಂದ ಕದಲಲಿಲ್ಲ. ಪರದೆಯ ಆಚೆ ಮುದುಕಿಯ ತುಟಿ ಏನೋ ಮಣಮಣಿಸುತ್ತಿತ್ತು. ಬಲೆಯ ಪೊಟ್ಟಣ ಬಿಚ್ಚಿದಾಗ ಫರಹತ್ ತಾನೂ ತುಟಿಯಲ್ಲೇ ಏನೋ ಹೇಳಿಕೊಂಡಳು.

ಡ್ರೆಸ್ಸಿಂಗ್ ಬಿಚ್ಚುವ ದಿನದ ತನಕ ಅವಳಿಗೆ ನೆಮ್ಮದಿಯಿರಲಿಲ್ಲ. ಜ್ವರ ನೋಡಿ ಬಂದವಳು ಮತ್ತೆ ಹೋಗಿ ಹಣೆ ಮುಟ್ಟಿ ನೋಡುವಳು. ಮನೆಯಲ್ಲಿ ಅಬ್ಬ ಪೀರ್ ಪಾಷಾ ಎಲ್ಲ ಕೇಳಿಸಿಕೊಂಡು, "ಗಾಯ ಹೇಳೋದು ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ," ಎಂದಿದ್ದರು. "ಬಿಚ್ಚಿದ ಕೂಡಲೇ ಮೂಸಿ ನೋಡು."

ಆ ಬೆಳಿಗ್ಗೆ ಅವಳು ಪ್ಲಾಸ್ಟರನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಅಂಚಿನಿಂದ ಕೂದಲೆಳೆಯಷ್ಟೇ ಬಿಡಿಸುತ್ತಾ ಬಂದಳು. ಮಲ್ಲೇಶ್ ಮುಖ ಆಚೆ ತಿರುಗಿಸಿಕೊಂಡಿದ್ದ. ಮಂಚಮ್ಮ ಕಸದ ಬಕೆಟ್ಟು ಹಿಡಿದು ಮಂಚದ ಕಾಲ ಬಳಿ ನಿಂತಿದ್ದಳು. ಅವತ್ತು ಅವಳಿಗೆ ಆ ವಾರ್ಡಿನಲ್ಲಿ ಕೆಲಸವೇ ಇರಲಿಲ್ಲ. ಗಾಜ್ ಬಟ್ಟೆ ಬಿಚ್ಚಿ ಬಂತು. ಫರಹತ್ ಬಗ್ಗಿ ಮೂಸಿದಳು. ಔಷಧಿಯ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ನಂಬಿಕೆ ಬರದೆ ಇನ್ನೊಮ್ಮೆ ಮೂಸಿದಳು. ಗಾಯ ಒಣಗಿದ ಸಣ್ಣ ಗೆರೆಯಾಗಿತ್ತು. ಕೆಂಪಿಲ್ಲ, ಊತವಿಲ್ಲ.

"ಏನಂತಮ್ಮಿ?" ಎಂದಳು ಚಿಕ್ಕಮಲ್ಲಮ್ಮ.

"ಚೆನ್ನಾಗಿದೆ ಅಮ್ಮ. ಚೆನ್ನಾಗಿದೆ." ಫರಹತ್ ಬಿಚ್ಚಿದ ಬಟ್ಟೆಯನ್ನು ಬದಿಗೆ ಸರಿಸಿದಳು.

ಮಂಚಮ್ಮ ಹಳೆಯ ಗಾಜ್ ಬಟ್ಟೆಯನ್ನು ಬಕೆಟ್ಟಿಗೆ ಹಾಕಿಕೊಂಡು ಹೊರಡಲು ತಿರುಗಿದಳು.

"ನಿಂತ್ಕ," ಎಂದಳು ಚಿಕ್ಕಮಲ್ಲಮ್ಮ. ತಲೆದಿಂಬಿನ ಪಕ್ಕ ಮಲ್ಲೇಶ್ ತಂದಿಟ್ಟಿದ್ದ ಏಲಕ್ಕಿ ಬಾಳೆಯ ಚಿಪ್ಪಿನಿಂದ ಎರಡು ಹಣ್ಣು ಮುರಿದು, ಮಲಗಿದ್ದಲ್ಲಿಂದಲೇ ಕೈ ಚಾಚಿದಳು. "ತಕ್ಕ."

ಮಂಚಮ್ಮ ಬಕೆಟ್ಟು ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡಳು. ಎರಡೂ ಅಂಗೈ ಕೂಡಿಸಿ, ಸ್ವಲ್ಪ ಬಗ್ಗಿ, ಹಣ್ಣಿಗಿಂತ ಒಂದು ಗೇಣು ಕೆಳಗೆ ಒಡ್ಡಿ ನಿಂತಳು, ಮೇಲಿನಿಂದ ಬೀಳುವುದನ್ನು ಹಿಡಿಯುವ ಹಾಗೆ. ಚಿಕ್ಕವಳಿದ್ದಾಗಿನಿಂದ ಊರೊಳಗೆ ಅವಳು ಹಿಡಿದುಕೊಂಡು ಬಂದದ್ದೇ ಹಾಗೆ.

ಹಣ್ಣು ಬೀಳಲಿಲ್ಲ. ಚಿಕ್ಕಮಲ್ಲಮ್ಮನ ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಹೊಲಿಗೆ ಎಳೆದು ಮುಖ ಕಿವುಚಿಕೊಂಡರೂ ಅವಳು ಮಗ್ಗುಲಿಗೆ ಹೊರಳಿದಳು; ಕೈ ಇನ್ನೂ ಕೆಳಕ್ಕೆ ಬಂತು. ಹಣ್ಣಿನ ಜೊತೆ ಆ ಸುಕ್ಕುಗಟ್ಟಿದ ಬೆರಳುಗಳೂ ಮಂಚಮ್ಮನ ಅಂಗೈಯ ಮೇಲೆ ಇಳಿದು, ತಕ್ಷಣ ಏಳದೆ, ಅಲ್ಲೇ ಇದ್ದವು.